ದಾನದ ವಿಧಿಯೂ ಆಪತ್ಕಾಲವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕರ ಕರ್ತವ್ಯಗಳಲ್ಲಿ ಸೇರಿವೆ ಎಂಬುದು ನಮ್ಮ ಓದುಗರಿಗೆ ಹೊಸ ಮಾತಲ್ಲ. ದಾನದ ಫಲದಲ್ಲಿ ತಾರತಮ್ಯ ಉಂಟಾಗುವುದು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ಎಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಇವುಗಳಲ್ಲಿ ದಾತೃವಿನ ಔದಾರ್ಯವನ್ನೂ ಪಾತ್ರದ ಯೋಗ್ಯತೆಯನ್ನೂ ಕುರಿತು ನಮ್ಮ ಪ್ರವಚನಗಳು ಧಾರಾಳವಾಗಿ ಹೇಳುತ್ತವೆ. ವಿಧಿಯೆಂದರೆ ಮಾತ್ರ ಮುನಿಗಳ ಆಹಾರದಾನದ ನವಧಾಭಕ್ತಿಯಷ್ಟೇ ಎಂದು ತಿಳಿದು ಮುಂದೆ ಸಾಗುತ್ತೇವೆ. ಹಾಗಾದರೆ ಪ್ರಕೃತಿವಿಕೋಪದಲ್ಲಿ ನೊಂದವರಿಗೆ ಕೊಡುವ ಕರುಣಾದಾನಕ್ಕೆ ವಿಧಿಯೇ ಇಲ್ಲವೆ? ಮನಸ್ಸು ಕರಗಿದೊಡನೆ ಕೈಗೆ ಸಿಕ್ಕಿದ್ದನ್ನು ಲಾರಿಗೆ ಹೇರಿ ಕಳುಹಿಸಿದರೆ ಸಾಕೆ?

ನಮ್ಮದೇ ಕರಾವಳಿಯ ಒಂದು ದುರಂತವನ್ನು ಎದುರಿಗಿಟ್ಟುಕೊಂಡು ಇದನ್ನು ವಿಚಾರಿಸಬಹುದು. 2024ರ ಜುಲೈ 16ರ ಬೆಳಿಗ್ಗೆ, ಚಾತುರ್ಮಾಸ್ಯದ ಆರಂಭಕ್ಕೆ ಕೆಲವೇ ದಿನಗಳಿರುವಾಗ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನಡಿ ಸಿಲುಕಿದವು, ಗಂಗಾವಳಿ ನದಿಯ ಪಾಲಾದವು. ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳನ್ನು ಬಡಿಯಿತು, ಅಲ್ಲಿಯೂ ಜೀವಹಾನಿಯಾಯಿತು. ಜಿಲ್ಲಾಡಳಿತದೊಂದಿಗೆ ವಿಪತ್ತು ಸ್ಪಂದನಾ ಪಡೆಗಳು, ನೌಕಾದಳ, ಸೇನೆ ಎಲ್ಲವೂ ಬಂದವು. ಆದರೆ ಮಳೆಯೂ ನದಿಯ ಸೆಳೆತವೂ ಬಿಡಲಿಲ್ಲ. ಕೇರಳದ ಲಾರಿಯೂ ಅದರ ಚಾಲಕನ ಅವಶೇಷವೂ ನದಿಯಿಂದ ಮೇಲೆ ಬಂದುದು 71 ದಿನಗಳ ನಂತರ, ಸೆಪ್ಟೆಂಬರ್ 25ರಂದು. ಆ ದಿನಕ್ಕೂ ಸ್ಥಳೀಯರಿಬ್ಬರ ಸುಳಿವು ದೊರೆತಿರಲಿಲ್ಲ.

ಆ ಎರಡು ತಿಂಗಳು ದೃಶ್ಯವಾಹಿನಿಗಳೆಲ್ಲ ಹೆದ್ದಾರಿಯ ದಡದಲ್ಲಿ ನೆಲೆಸಿದ್ದವು. ಚಾಲಕನ ಹೆಸರು ನಾಡಿನ ಮನೆಮನೆಗೂ ಪರಿಚಿತವಾಯಿತು. ಎದುರು ದಡದ ಉಳುವರೆಯ ಹೆಸರನ್ನು ಕೇಳಿದವರು ವಿರಳ. ಆತನ ಕುಟುಂಬದ ದುಃಖ ಸತ್ಯವಾದುದು; ಅವರ ಹಠದಿಂದ ಹುಡುಕಾಟ ಮುಂದುವರಿದು ಉಳಿದವರನ್ನು ಹುಡುಕುವುದಕ್ಕೂ ನೆರವಾಯಿತೆಂಬುದನ್ನು ಮರೆಯಲಾಗದು. ಆದರೆ ಬೆಳಕು ಬಿದ್ದೆಡೆಯಲ್ಲೇ ಕರುಣೆಯೂ ಹರಿಯುವುದು ಧರ್ಮವೇ? ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾಗಿ ಇನ್ನೂರಕ್ಕೂ ಹೆಚ್ಚು ಜನ ಮಡಿದಾಗ ನಾಡಿನ ಗಮನ ಅತ್ತ ತಿರುಗಿತು. ಹಿಂದೆಯೂ ಹೀಗೆಯೇ. 2009ರ ಅಕ್ಟೋಬರ್ 2ರಂದು ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಜಾರಿ 19 ಮಂದಿ ಮಣ್ಣಾದರು. ಅದೇ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಮಹಾಪೂರ. ದೊಡ್ಡ ದುಃಖದ ಪಕ್ಕದಲ್ಲಿ ಚಿಕ್ಕದು ಕಾಣದು.

ಅನುಕಂಪಾದಾನದಲ್ಲಿ ಪಾತ್ರಾಪಾತ್ರ ವಿವೇಚನೆ ಇಲ್ಲವೆಂದು ನಮ್ಮ ಆಚಾರ್ಯರು ಒಪ್ಪಿದ್ದಾರೆ. ದುಃಖಿಯಾಗಿರುವುದೇ ಅಲ್ಲಿ ಅರ್ಹತೆ. 1994ರಲ್ಲಿ ರೆಡ್ ಕ್ರಾಸ್ ಮೊದಲಾದ ಸಂಸ್ಥೆಗಳು ರೂಪಿಸಿದ ಆಚಾರಸಂಹಿತೆಯ ಸಾರವೂ ಇದೇ: ನೆರವಿನ ಮೊದಲು-ನಂತರಗಳನ್ನು ಅಗತ್ಯವೊಂದೇ ನಿರ್ಧರಿಸಬೇಕು. ಆದರೆ ಅಗತ್ಯವನ್ನು ದೂರದಲ್ಲಿ ಕುಳಿತ ದಾತೃ ಅರಿಯುವುದೆಂತು? 2004ರ ಸುನಾಮಿಯ ನಂತರ ನಾಗಪಟ್ಟಣದಲ್ಲಿ ಹಳೆಯ ಬಟ್ಟೆಗಳು ಬೀದಿಯಲ್ಲಿ ರಾಶಿಬಿದ್ದು ಕೊಳೆತವು. ಕಳುಹಿಸಿದವರಲ್ಲಿ ಕರುಣೆಯ ಕೊರತೆಯಿರಲಿಲ್ಲ, ವಿಧಿಯ ಕೊರತೆಯಿತ್ತು. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟವೇ ಮಳೆಗಾಲದಲ್ಲಿ ಕುಸಿಯುವ ದಾರಿ. ಅಲ್ಲಿ ಬೇಡದ ಸರಕಿನ ಲಾರಿಯೊಂದು ಆಂಬುಲೆನ್ಸಿಗೆ ಅಡ್ಡನಿಂತರೆ ಅದರ ಪಾಪ ಯಾರಿಗೆ? ಪ್ರಮಾದದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂಬ ಲಕ್ಷಣವನ್ನು ಬಲ್ಲ ನಾವು ಉತ್ತರವನ್ನು ದೂರ ಹುಡುಕಬೇಕಿಲ್ಲ.

ಇಲ್ಲೊಂದು ಶಬ್ದದ ಸ್ವಾರಸ್ಯವಿದೆ. ಮುನಿಗಳ ಪಂಚಸಮಿತಿಗಳಲ್ಲಿ ಸಮಿತಿಯೆಂದರೆ ಎಚ್ಚರದ ಪ್ರವೃತ್ತಿ. ಆದಾನನಿಕ್ಷೇಪಣ ಸಮಿತಿಯೆಂದರೆ ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಲೋಕವ್ಯವಹಾರದಲ್ಲಿ ಅದೇ ಶಬ್ದಕ್ಕೆ ಕೂಡಿ ನಿರ್ಣಯಿಸುವ ಮಂಡಳಿ ಎಂಬ ಅರ್ಥ. ಆಪತ್ಕಾಲದಲ್ಲಿ ಎರಡೂ ಅರ್ಥಗಳು ಒಂದಾಗಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಉತ್ತರ ಕನ್ನಡಕ್ಕೆ ಅದರ ಕೇಂದ್ರ ಕಾರವಾರ. ಏನು, ಎಲ್ಲಿ, ಎಷ್ಟು ಬೇಕೆಂದು ಅಲ್ಲಿ ಕೇಳಿ ಕೊಡುವುದೇ ಇಂದಿನ ವಿಧಿ.

ಇದಕ್ಕೆ ನಮ್ಮವರಲ್ಲಿ ಆಕ್ಷೇಪವುಂಟು. ಧರ್ಮದ ಹಣವನ್ನು ಸರಕಾರದ ಪಟ್ಟಿಗೆ ಒಪ್ಪಿಸುವುದೆ? ದಾನಿಗಳ ಹೆಸರು ಎಲ್ಲಿ ಬರೆಸುವುದು? ಎರಡನೆಯ ಪ್ರಶ್ನೆಗೆ ಉತ್ತರಿಸುವ ಅಗತ್ಯವೇ ಇಲ್ಲ. ದಾನವೆಂದರೆ ಸ್ವತ್ವದ ತ್ಯಾಗ, ಹೆಸರೂ ಸ್ವತ್ವವೇ. ಮೊದಲನೆಯದು ತೂಕದ ಪ್ರಶ್ನೆ. ಪಟ್ಟಿಯಲ್ಲಿ ದಾಖಲೆಯುಳ್ಳವರು ಸೇರುತ್ತಾರೆ. ಬಾಡಿಗೆಯ ಗುಡಿಸಿಲಿನವರು, ಕೂಲಿಗೆ ಬಂದವರು ಬಿಟ್ಟುಹೋಗುತ್ತಾರೆ. ಮೂಕಪ್ರಾಣಿಗಳಂತೂ ತಮ್ಮ ಮೇವನ್ನು ತಾವು ಕೇಳಲಾರವು. ಆದುದರಿಂದ ಪಟ್ಟಿಯನ್ನು ಒಪ್ಪಬೇಕು, ಅದರ ಹೊರಗುಳಿದವರು ಯಾರೆಂದು ಪಂಚಾಯತಿಯಲ್ಲಿ ಕೇಳಲೂಬೇಕು. ಕೇಳುವವನಿಗೆ ಸ್ಥಳದ ಪರಿಚಯವಿರಬೇಕು. ಒಂದು ದಿನ ಬಂದು ಫೋಟೋ ತೆಗೆಸಿಕೊಂಡು ಹೋಗುವವರಿಂದ ಇದು ಆಗದು.

1993ರ ಲಾತೂರು ಭೂಕಂಪದ ಬಳಿಕ ಪುಣೆಯ ಭಾರತೀಯ ಜೈನ ಸಂಘಟನೆ ಮಾಡಿದ್ದು ಗಮನಾರ್ಹ. ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಓದಿಸುವ ಹೊಣೆಯನ್ನು ಅದು ಹೊತ್ತಿತು. ಎಲ್ಲರೂ ಅಕ್ಕಿ-ಕಂಬಳಿ ಹಂಚುವಾಗ ಶಾಸ್ತ್ರದಾನವನ್ನು ತನ್ನ ಪಾಲಿಗೆ ಆರಿಸಿಕೊಂಡಿತು. ಅದು ಒಂದು ವಾರದಲ್ಲಿ ಮುಗಿಯುವ ಕೆಲಸವಲ್ಲ. ಶಿರೂರು-ಉಳುವರೆಗಳಂಥ ಊರುಗಳಲ್ಲಿ ಉಳಿಯುವ ಕೊರತೆ ಅಭಯದಾನದ್ದು. ಪ್ರತಿ ಮಳೆಗೂ ಗುಡ್ಡದತ್ತ ನೋಡುವ ಕುಟುಂಬಕ್ಕೆ ಕಂಬಳಿಯಿಂದ ಅಭಯ ದೊರೆಯದು. ಸುರಕ್ಷಿತ ನಿವೇಶನ, ಅದರ ಕಾಗದಪತ್ರಕ್ಕಾಗಿ ಕಚೇರಿಗೆ ಜತೆಗೆ ಅಲೆಯುವವರು, ಮಳೆಯ ರಾತ್ರಿಗಳಲ್ಲಿ ತೆರೆದಿರುವ ಒಂದು ಸಭಾಭವನ ಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೆ ಇಲ್ಲೊಂದು ತೊಡಕಿದೆ. ದೇವದ್ರವ್ಯವನ್ನು ಅನ್ಯಕಾರ್ಯಕ್ಕೆ ಬಳಸುವಂತಿಲ್ಲ. ಜೀವದಯೆಯ ನಿಧಿಯನ್ನು ಮನೆ ಕಟ್ಟಲು ಬಳಸುವುದೂ ಸಲ್ಲದು. ಆಪತ್ತು ಬಂದ ದಿನ ಯಾವ ಲೆಕ್ಕದಿಂದ ಹಣ ತೆಗೆಯುವುದೆಂಬ ಚರ್ಚೆಯಲ್ಲೇ ವಾರ ಕಳೆಯುತ್ತದೆ. ಆಪತ್ ನಿಧಿಯೆಂಬ ಪ್ರತ್ಯೇಕ ಲೆಕ್ಕವನ್ನು ಸಾಮಾನ್ಯ ಸಭೆಯ ನಿರ್ಣಯದಿಂದ ಮೊದಲೇ ತೆರೆದಿಡಬೇಕು. ಜಿಲ್ಲಾಧಿಕಾರಿ ಕಚೇರಿಯೊಡನೆ ಮಾತನಾಡುವವರು ಯಾರು, ಮೇವಿನ ಹೊಣೆ ಯಾರದು ಎಂಬುದನ್ನೂ ಬರೆದಿಡಬೇಕು. ಚಾತುರ್ಮಾಸ್ಯದಲ್ಲಿ ಸಮಾಜ ಒಂದೆಡೆ ಕೂಡುತ್ತದೆ, ದಾನವೂ ಹೆಚ್ಚು ಬರುತ್ತದೆ ನಿಜ; ಆದರೆ ಶಿರೂರಿನ ಗುಡ್ಡ ಅದಕ್ಕೂ ಮೊದಲೇ ಇಳಿದಿತ್ತು. ಈ ಸಭೆಗೆ ಜ್ಯೇಷ್ಠ ಮಾಸವೇ ತಕ್ಕ ಕಾಲ.