75 ಜನರ ಊರು

ಹೈಸ್ಕೂಲಿಗೆಂದು ನಾನು ಮೂಡಲಗಿ ಕಡೆಯ ನಮ್ಮ ಹಳ್ಳಿಯಿಂದ ಗೋಕಾಕಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. 2010ರ ಸುಮಾರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ತಾಸಿಗೆ ಹದಿನೈದು ರೂಪಾಯಿ. ಸಂಜೆಯ ಬಸ್ಸು ಬರುವ ತನಕ ನಾವು ಮೂವರು ಗೆಳೆಯರು ಒಂದೇ ಕಂಪ್ಯೂಟರಿನ ಮುಂದೆ ಕೂತು 'ಏಜ್ ಆಫ್ ಎಂಪೈರ್ಸ್' ಎರಡನೆಯ ಭಾಗವನ್ನು ಆಡುತ್ತಿದ್ದೆವು. 1999ರಲ್ಲಿ ಬಂದ ಆಟ. ನಮ್ಮ ಕೈಗೆ ಸಿಗುವಷ್ಟರಲ್ಲಿ ಹಳೆಯದಾಗಿತ್ತು, ಆದರೆ ಕೆಫೆಯ ಮುದಿ ಕಂಪ್ಯೂಟರಿನಲ್ಲೂ ಓಡುತ್ತಿತ್ತು.

ಆಡದವರಿಗೆ ಎರಡು ಮಾತು. ಮೊದಲಿಗೆ ನಿಮ್ಮ ಕೈಯಲ್ಲಿ ಮೂವರು ಹಳ್ಳಿಗರಿರುತ್ತಾರೆ. ಅವರು ಕಟ್ಟಿಗೆ ಕಡಿಯುತ್ತಾರೆ, ಹೊಲ ಮಾಡುತ್ತಾರೆ, ಮನೆ ಕಟ್ಟುತ್ತಾರೆ. ಐವತ್ತು ಪಾಲು ಆಹಾರ ಕೊಟ್ಟರೆ ಇನ್ನೊಬ್ಬ ಹಳ್ಳಿಗ ಹುಟ್ಟುತ್ತಾನೆ. ಹೀಗೆ ಊರು ಬೆಳೆಸಿ, ಸೈನ್ಯ ಕಟ್ಟಿ, ಎದುರಾಳಿಯ ಊರನ್ನು ನೆಲಸಮ ಮಾಡಬೇಕು. ಆ ಮೂಲ ಆಟದ ಹದಿಮೂರು ನಾಗರಿಕತೆಗಳಲ್ಲಿ ಭಾರತ ಇರಲಿಲ್ಲ. ಪರ್ಷಿಯನ್ನರ ಬಳಿ ಆನೆಗಳಿದ್ದವು ಎಂಬ ಒಂದೇ ಕಾರಣಕ್ಕೆ ನಾನು ಸದಾ ಪರ್ಷಿಯನ್ನರ ಪಕ್ಷ.

ಜನಸಂಖ್ಯೆಗೆ ಮಿತಿಯಿತ್ತು. ನಾವು ಆಡುತ್ತಿದ್ದದ್ದು 75ಕ್ಕೆ. ಊರು ತುಂಬಿದ ಮೇಲೆ ಇನ್ನೊಂದು ಆನೆ ಬೇಕೆಂದರೆ ಯಾರಾದರೂ ಜಾಗ ಬಿಡಬೇಕು. ಅದಕ್ಕೊಂದು ಉಪಾಯ ಎಲ್ಲ ಆಟಗಾರರಿಗೂ ಗೊತ್ತು: ಹೊಲದಲ್ಲಿರುವ ಹಳ್ಳಿಗನ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಕೀ ಒತ್ತುವುದು. ಅವನು ಒಮ್ಮೆ ಕೂಗಿ ಬೀಳುತ್ತಾನೆ. ಒಬ್ಬ ಹಳ್ಳಿಗ ಹೋದರೆ ಒಂದು ಆನೆಗೆ ಜಾಗ. ಹದಿಮೂರನೆಯ ವಯಸ್ಸಿನಲ್ಲಿ ನನಗೆ ಇದು ಜಾಣತನವಾಗಿ ಕಂಡಿತ್ತು. ಇದಕ್ಕಿಂತ ಒಳ್ಳೆಯ ಆಟ ಜಗತ್ತಿನಲ್ಲಿಲ್ಲ ಎಂದು ಅನೇಕ ವರ್ಷ ಹೇಳಿಕೊಂಡು ತಿರುಗಿದ್ದೇನೆ.

ಕಳೆದ ಬೇಸಿಗೆಯಲ್ಲಿ ಮನೆಗೆ ಹೋದಾಗ ಅದರ ಹೊಸ ಆವೃತ್ತಿಯನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ಆಡಿದೆ. ಹಳೆಯ ರೂಢಿಯಂತೆ 75ರ ಮಿತಿ, ಅದೇ ಪರ್ಷಿಯನ್ನರು. ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಊರು ತುಂಬಿತು. ಬೆರಳು ತಾನಾಗಿಯೇ ಡಿಲೀಟ್ ಕೀಗೆ ಹೋಯಿತು. ಒಬ್ಬ, ಇಬ್ಬರು, ಮೂವರು.

"ಮಾಮಾ, ಅವರು ನಿನ್ನ ಮಂದಿನ ಅಲ್ಲೇನು? ಯಾಕ ಕೊಂದಿ?"

"ಆನೆಗೆ ಜಾಗಾ ಬೇಕಾಗಿತ್ತು," ಅಂದೆ. ಹೇಳಿದ ಮೇಲೆ ಆಟ ಮುಂದುವರಿಸಲು ಆಗಲಿಲ್ಲ.

ಆಗದೇ ಇದ್ದದ್ದಕ್ಕೆ ಕಾರಣವಿದೆ. ನನ್ನ ಸಂಶೋಧನೆ ಹಿಡಕಲ್ ಜಲಾಶಯದ ಮುಳುಗಡೆಯ ನೆನಪುಗಳನ್ನು ಕುರಿತದ್ದು. ಅವತ್ತು ಬೆಳಿಗ್ಗೆಯಷ್ಟೇ ಹುಕ್ಕೇರಿ ತಾಲೂಕಿನಲ್ಲಿ ಒಬ್ಬ ಅಜ್ಜಿಯ ಮಾತು ಕೇಳಿ ಬಂದಿದ್ದೆ. "ಊರು ಬಿಡೂ ದಿನ ಒಲಿ ಹೊತ್ತಿಸಿದ್ದೆ ತಮ್ಮಾ, ಆರಿಸಿ ಬರಬೇಕು ಅನ್ನಿಸಲಿಲ್ಲ," ಅಂದಿದ್ದರು. ಘಟಪ್ರಭೆಗೆ ಕಟ್ಟಿದ ಆ ಅಣೆಕಟ್ಟು ಮುಗಿದದ್ದು 1977ರಲ್ಲಿ. ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಆ ನೀರೇ ಕೆಳಗೆ ಧೂಪದಾಳದ ಒಡ್ಡಿಗೆ ಬಂದು, ಎಡದಂಡೆ ಕಾಲುವೆ ಹಿಡಿದು ನಮ್ಮ ಕಡೆಗೆ ಹರಿಯುತ್ತದೆ. ನಮ್ಮ ಮನೆಯ ಕಬ್ಬು ಆ ನೀರಿನದು. ನನ್ನ ಬಸ್ಸಿನ ಪಾಸು, ಕೆಫೆಯ ಹದಿನೈದು ರೂಪಾಯಿ, ಇವತ್ತಿನ ಈ ಓದು, ಎಲ್ಲವೂ ಆ ಕಬ್ಬಿನವು.

ಅಣೆಕಟ್ಟು ಕಟ್ಟಬಾರದಿತ್ತು ಎಂದು ನಾನು ಹೇಳಲಾರೆ. ಹಾಗೆ ಹೇಳುವ ಬಾಯಿಗೆ ಅನ್ನ ಬಂದದ್ದೇ ಅಲ್ಲಿಂದ. ಆದರೆ ಯಾರೋ ಎಲ್ಲೋ ಜಾಗ ಬಿಟ್ಟಿದ್ದರಿಂದ ನಮಗೆ ಜಾಗವಾಯಿತು ಎಂಬುದನ್ನು ಮನೆಯಲ್ಲಿ ಯಾರೂ ಆಡಿದ್ದು ನನಗೆ ನೆನಪಿಲ್ಲ.

ಆಟದಲ್ಲಿ ಸತ್ತವರು ಯಾರೂ ಇಲ್ಲ, ಅದಕ್ಕೇಕೆ ಇಷ್ಟು ಚಿಂತೆ ಎಂದು ನೀವು ಕೇಳಬಹುದು. ಚದುರಂಗದಲ್ಲೂ ಕಾಲಾಳನ್ನು ಬಲಿ ಕೊಡುತ್ತೇವಲ್ಲ? ನಿಜ. ಆದರೆ ಚದುರಂಗದ ಕಾಲಾಳಿಗೆ ಮನೆಯಿಲ್ಲ, ಹೊಲವಿಲ್ಲ, ಕರೆದರೆ ಓಗೊಡುವುದಿಲ್ಲ. ಈ ಹಳ್ಳಿಗರು ಕ್ಲಿಕ್ ಮಾಡಿದರೆ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಾರೆ. ಕೆಲಸವಿಲ್ಲದೆ ನಿಂತವರನ್ನು ಹುಡುಕಿಕೊಡಲು ಒಂದು ಗುಂಡಿಯೇ ಇದೆ. ಆಟ ಅವರನ್ನು ಮನುಷ್ಯರಂತೆ ತೋರಿಸಿ, ಲೆಕ್ಕದಂತೆ ಬಳಸಲು ಕಲಿಸುತ್ತದೆ. ನೋಡಿಯೂ ನೋಡದಿರುವ ಈ ಅಭ್ಯಾಸ ಪರದೆಯ ಆಚೆಗೂ ಬರುವುದಿಲ್ಲ ಎಂಬ ಧೈರ್ಯ ನನಗಿಲ್ಲ.

ಡೇವಿಡ್ ಹ್ಯೂಮ್ 1757ರ ತನ್ನ ಅಭಿರುಚಿಯ ಪ್ರಬಂಧದಲ್ಲಿ, ಇಪ್ಪತ್ತರಲ್ಲಿ ಒವಿಡ್, ನಲವತ್ತರಲ್ಲಿ ಹೊರೇಸ್, ಐವತ್ತರಲ್ಲಿ ಟ್ಯಾಸಿಟಸ್ ಮೆಚ್ಚುಗೆಯಾಗಬಹುದು ಎನ್ನುತ್ತಾನೆ. ವಯಸ್ಸಿನಿಂದ ಬರುವ ಇಂಥ ಬದಲಾವಣೆಯಲ್ಲಿ ಯಾರದೂ ತಪ್ಪಿಲ್ಲ ಎಂಬುದು ಅವನ ನಿಲುವು. ನನ್ನದು ಅಂಥ ಬದಲಾವಣೆಯಲ್ಲ. ನನ್ನ ರುಚಿ ಬದಲಾಗಿಲ್ಲ, ಆನೆಗಳು ಸಾಲಾಗಿ ಹೊರಟರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಟವೂ ಬದಲಾಗಿಲ್ಲ, ಹಳ್ಳಿಗನ ಕೂಗು ಆಗಲೂ ಇತ್ತು. ನನಗೆ ಕೇಳಿಸಿರಲಿಲ್ಲ, ಅಷ್ಟೆ.

ಹಾಗೆಂದು ಹದಿಮೂರರ ಹುಡುಗನಿಗಿಂತ ನಾನು ದೊಡ್ಡವನಾದೆ ಎಂದು ಬೀಗಲು ಹೋಗಿ ಸಿಕ್ಕಿಬಿದ್ದೆ. ಅಂದು ರಾತ್ರಿ ನನ್ನ ಪ್ರಬಂಧದ ಎರಡನೆಯ ಅಧ್ಯಾಯ ತೆಗೆದು ನೋಡಿದೆ. ಊರುಗಳು, ಕುಟುಂಬಗಳು, ಎಕರೆಗಳು ಎಂದು ಅಂದವಾದ ಕೋಷ್ಟಕ ಮಾಡಿದ್ದೆ. ಪುಟ ಹೆಚ್ಚಾಯಿತೆಂದು ಐದು ಜನರ ಮಾತುಗಳನ್ನು ತೆಗೆದುಹಾಕಿದ್ದೆ. ಅಲ್ಲೂ ಒತ್ತಿದ್ದು ಅದೇ ಕೀ. ಹುಡುಗ ಒತ್ತಿದ್ದು ಆಟವೆಂದು ತಿಳಿದೇ. ನಾನು ಒತ್ತಿದ್ದು ಅವರ ಪರವಾಗಿ ಬರೆಯುತ್ತಿದ್ದೇನೆ ಎಂದುಕೊಂಡು.

ಆ ಐದು ಮಾತುಗಳನ್ನು ಮತ್ತೆ ಸೇರಿಸುತ್ತಿದ್ದೇನೆ. ಕೋಷ್ಟಕ ಬೇಡವೆಂದಲ್ಲ, ಅದೂ ಬೇಕು. ಅಜ್ಜಿಯ ಒಲೆಯ ಮಾತಿನಿಂದಲೇ ಅಧ್ಯಾಯ ಶುರುವಾಗುತ್ತದೆ. ಆಟವನ್ನೂ ಬಿಟ್ಟಿಲ್ಲ. ಅಕ್ಕನ ಮಗನ ಜೊತೆ ಆಡುವಾಗ ಅವನದೊಂದು ಕರಾರಿದೆ: ಊರು ತುಂಬಿದರೆ ತುಂಬಲಿ, ಇದ್ದ ಆನೆಗಳಲ್ಲೇ ಆಡಬೇಕು. ಹಾಗೆ ಆಡಿ ನಾವು ಹೆಚ್ಚಾಗಿ ಸೋಲುತ್ತೇವೆ.