ಮಕ್ಕಳಿಗೆ ಎಷ್ಟು ಹೇಳುವುದು?

ಯಹೂದಿ ಪಂಚಾಂಗದ ನಿಸಾನ್ ಮಾಸದಲ್ಲಿ ಎರಡು ನೆನಪುಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಮಾಸದ ನಡುವೆ ಪಸ್ಕ ಹಬ್ಬ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದರ ಹಬ್ಬ. ಆ ರಾತ್ರಿ ಊಟಕ್ಕೆ ಮುಂಚೆ ಮನೆಯ ಅತಿ ಕಿರಿಯ ಮಗು ಪ್ರಶ್ನೆ ಕೇಳಬೇಕು. ಹುಳಿ ಬರಿಸದ ರೊಟ್ಟಿ ಏಕೆ, ಈ ಕಹಿ ಸೊಪ್ಪು ಏಕೆ ಎಂದು. ಹಿರಿಯರು ಉತ್ತರವಾಗಿ ಕಥೆ ಹೇಳಬೇಕು. ಆ ದಿನ ಓದುವ ಹಗ್ಗದಾ ಎಂಬ ಪುಸ್ತಕದಲ್ಲಿ ನಾಲ್ಕು ಬಗೆಯ ಮಕ್ಕಳು ಬರುತ್ತಾರೆ: ಜಾಣ, ಉದ್ಧಟ, ಮುಗ್ಧ, ಮತ್ತು ಕೇಳುವುದಕ್ಕೂ ಬಾರದವನು. ಒಬ್ಬೊಬ್ಬನಿಗೆ ಒಂದೊಂದು ರೀತಿ ಹೇಳಬೇಕು. ಕೇಳಲು ಬಾರದವನ ಎದುರು ದೊಡ್ಡವರೇ ಮಾತು ತೆಗೆಯಬೇಕು.

ಸುಮಾರು ಹನ್ನೆರಡು ದಿನ ಕಳೆಯುವಷ್ಟರಲ್ಲಿ ನಿಸಾನ್ 27 ಬರುತ್ತದೆ. ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಗಳನ್ನು ನೆನೆಯುವ ಯೋಮ್ ಹಶೋಆ. ಇಸ್ರೇಲಿನಲ್ಲಿ 1959ರಿಂದ ಇದಕ್ಕೊಂದು ಕಾನೂನಿದೆ. ಬೆಳಿಗ್ಗೆ ಹತ್ತಕ್ಕೆ ದೇಶದುದ್ದಕ್ಕೂ ಎರಡು ನಿಮಿಷ ಸೈರನ್ ಕೂಗುತ್ತದೆ. ಹೆದ್ದಾರಿಯಲ್ಲಿ ಹೋಗುತ್ತಿದ್ದವರು ಕಾರು ನಿಲ್ಲಿಸಿ ಇಳಿದು ನಿಲ್ಲುತ್ತಾರೆ. ಅಂಗಡಿಯವನು ತಕ್ಕಡಿ ಬಿಟ್ಟು ನಿಲ್ಲುತ್ತಾನೆ. ಅಪ್ಪನ ಕೈ ಹಿಡಿದ ಐದು ವರ್ಷದ ಮಗುವೂ ನಿಲ್ಲುತ್ತದೆ, ಏಕೆಂದು ತಿಳಿಯದೆ. ಸದ್ದು ನಿಂತ ಮೇಲೆ ಅದು ಕೇಳುವುದೂ ‘ಏಕೆ’ ಎಂದೇ. ಹನ್ನೆರಡು ದಿನದ ಹಿಂದೆ ಇದೇ ಮಗುವಿನ ಇದೇ ‘ಏಕೆ’ಗೆ ಸಾವಿರಾರು ವರ್ಷ ಹಳೆಯದಾದ ಕಥೆಯೊಂದು ಸಿದ್ಧವಿತ್ತು. ಅದರ ಕೊನೆಯಲ್ಲಿ ಸಮುದ್ರ ಇಬ್ಭಾಗವಾಗಿ ದಾರಿ ಬಿಡುತ್ತದೆ. ಈ ಕಥೆಯಲ್ಲಿ ಯಾವ ಸಮುದ್ರವೂ ದಾರಿ ಬಿಡಲಿಲ್ಲ.

ಹಾಗಾದರೆ ಎಷ್ಟು ಹೇಳುವುದು, ಯಾವ ವಯಸ್ಸಿಗೆ? ಯೆರೂಸಲೇಮಿನ ಯಾದ್ ವಾಶೇಮ್ ಸ್ಮಾರಕದ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಇಷ್ಟು ದೊಡ್ಡ ನೆನಪಿನ ಕಾವಲಿಗೆ ನಿಂತವರೇ ಚಿಕ್ಕ ಮಕ್ಕಳನ್ನು ಬಾಗಿಲಲ್ಲಿ ತಡೆಯುತ್ತಾರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಸೈರನ್ನು ವಯಸ್ಸು ನೋಡಿ ಕೂಗುವುದಿಲ್ಲವಲ್ಲ. 2014ರಲ್ಲಿ ಇಸ್ರೇಲಿನ ಶಿಕ್ಷಣ ಇಲಾಖೆ ಶಿಶುವಿಹಾರದಿಂದಲೇ ಈ ಪಾಠ ಶುರುವಾಗಲಿ ಎಂದಾಗ ದೊಡ್ಡ ಚರ್ಚೆಯೇ ನಡೆಯಿತು. ಎಳೆಯ ಮನಸ್ಸಿನಲ್ಲಿ ಭಯ ಬಿತ್ತಬೇಡಿ ಎಂದರು ಕೆಲವರು. ಮಗುವಿನ ಕಿವಿಗೆ ಅದು ಹೇಗೂ ಬೀಳುತ್ತದೆ, ಅರ್ಧಂಬರ್ಧ ಬೀಳುವ ಬದಲು ನಾವೇ ಮೆಲ್ಲಗೆ ಹೇಳೋಣ ಎಂದರು ಉಳಿದವರು. ನನ್ನ ಮನಸ್ಸು ಎರಡನೆಯವರ ಕಡೆಗೆ ವಾಲುತ್ತದೆ, ಒಂದು ಕರಾರಿನ ಮೇಲೆ: ಮಾತು ಸಾವಿನಿಂದ ಶುರುವಾಗಬಾರದು.

ಯಹೂದಿ ಸಮುದಾಯಗಳು ಇದನ್ನು ಬಹುಮಟ್ಟಿಗೆ ಅರಿತಿವೆ. ಬೇರೆ ದೇಶಗಳ ಸಿನಗಾಗ್‌ಗಳಲ್ಲೂ ಸಮುದಾಯ ಭವನಗಳಲ್ಲೂ ಆ ಸಂಜೆ ಆರು ದೀಪ ಹಚ್ಚುವುದುಂಟು, ಹತ್ತು ಲಕ್ಷಕ್ಕೊಂದರಂತೆ. ಬದುಕುಳಿದ ಅಜ್ಜಿಯೊಬ್ಬರು ಬತ್ತಿಗೆ ಬೆಂಕಿ ತಾಗಿಸುವಾಗ ಮೊಮ್ಮಗಳೋ ಮರಿಮಗನೋ ಪಕ್ಕದಲ್ಲಿರುತ್ತಾರೆ. ಆಮೇಲೆ ಹೆಸರುಗಳನ್ನು ಓದುತ್ತಾರೆ: ಹೆಸರು, ಊರು, ವಯಸ್ಸು. ಅರವತ್ತು ಲಕ್ಷ ಎಂಬ ಸಂಖ್ಯೆ ಮಗುವಿಗೆ ಅರ್ಥವಾಗುವುದಿಲ್ಲ, ನಮಗೂ ಆಗುವುದಿಲ್ಲ. ತನ್ನಷ್ಟೇ ವಯಸ್ಸಿನ ಒಬ್ಬನ ಹೆಸರು ಕೇಳಿದರೆ ಮಗು ತಲೆಯೆತ್ತಿ ನೋಡುತ್ತದೆ.

ಯಾದ್ ವಾಶೇಮ್‌ನಲ್ಲೇ ಮಕ್ಕಳಿಗಾಗಿ ಬೇರೊಂದು ಸ್ಮಾರಕವಿದೆ. ವಾಸ್ತುಶಿಲ್ಪಿ ಮೋಶೆ ಸಫ್ದಿ ವಿನ್ಯಾಸ ಮಾಡಿದ ಇದು 1987ರಲ್ಲಿ ತೆರೆಯಿತು. ನೆಲದಡಿಯ ಗುಹೆಯಂಥ ಕತ್ತಲೆಯಲ್ಲಿ ಕೆಲವೇ ದೀಪಗಳು ಕನ್ನಡಿಗಳಲ್ಲಿ ಪ್ರತಿಫಲಿಸಿ ಲೆಕ್ಕವಿಲ್ಲದಷ್ಟಾಗುತ್ತವೆ. ಕೊಲೆಯಾದ ಸುಮಾರು ಹದಿನೈದು ಲಕ್ಷ ಮಕ್ಕಳಲ್ಲಿ ಅನೇಕರ ಹೆಸರುಗಳು ಒಂದೊಂದಾಗಿ ಕೇಳಿಸುತ್ತವೆ. ಇದನ್ನು ಕಟ್ಟಲು ಹಣ ಕೊಟ್ಟವರು ಆಶ್ವಿಟ್ಸ್ ಹತ್ಯಾಶಿಬಿರದಲ್ಲಿ ಎರಡೂವರೆ ವರ್ಷದ ಮಗನನ್ನು ಕಳೆದುಕೊಂಡ ತಂದೆತಾಯಿ, ಸ್ಪೀಗಲ್ ದಂಪತಿ. ಮಗುವಿನ ಹೆಸರು ಉಜಿಯೆಲ್.

ಮಕ್ಕಳಿಗೆ ಸಾವನ್ನು ಹೇಗೆ ಹೇಳುವುದೆಂಬ ಪ್ರಶ್ನೆಯನ್ನು ನಮಗಿಂತ ಕಠಿಣವಾಗಿ ಎದುರಿಸಿದವರೊಬ್ಬರಿದ್ದರು. ವಾರ್ಸಾದ ವೈದ್ಯ, ಲೇಖಕ ಯಾನುಶ್ ಕೋರ್ಚಾಕ್. ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಶ್ಮಿಟ್. 1912ರಿಂದ ಕ್ರೋಖ್ಮಾಲ್ನಾ ಬೀದಿಯಲ್ಲಿ ಯಹೂದಿ ಮಕ್ಕಳ ಅನಾಥಾಲಯ ನಡೆಸಿದರು. ಅಲ್ಲಿ ಮಕ್ಕಳದ್ದೇ ನ್ಯಾಯಾಲಯವಿತ್ತು. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು, ಡಾಕ್ಟರೇ ಕಟಕಟೆಯಲ್ಲಿ ನಿಂತದ್ದೂ ಉಂಟು. ನಾಜಿಗಳು ಬಂದ ಮೇಲೆ ಅನಾಥಾಲಯವನ್ನು, ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊದ ಗೋಡೆಯೊಳಗೆ ಸಾಗಿಸಬೇಕಾಯಿತು. ಹಸಿವು, ಟೈಫಸ್ ಜ್ವರ, ಬೀದಿಯಲ್ಲಿ ಹೆಣಗಳು. ಅಲ್ಲಿನ ಮಕ್ಕಳಿಗೆ ಸಾವನ್ನು ಯಾರೂ ಪರಿಚಯಿಸಬೇಕಿರಲಿಲ್ಲ.

1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕ ಆಡಿದರು, ರವೀಂದ್ರನಾಥ ಠಾಕೂರರ ‘ಡಾಕ್ ಘರ್’. ಕಾಯಿಲೆ ಬಿದ್ದ ಅಮಲ್ ಎಂಬ ಹುಡುಗ ಹೊರಗೆ ಹೋಗಕೂಡದೆಂದು ವೈದ್ಯರ ಕಟ್ಟಪ್ಪಣೆ. ಅವನು ಕಿಟಕಿಯಲ್ಲಿ ಕೂತು ಮೊಸರು ಮಾರುವವನನ್ನು, ಕಾವಲುಗಾರನನ್ನು, ಹೂವಿನ ಹುಡುಗಿ ಸುಧಾಳನ್ನು ಮಾತಾಡಿಸುತ್ತಾನೆ. ಎದುರಿಗೆ ಹೊಸ ಅಂಚೆಮನೆ ಬಂದಿದೆ, ರಾಜನಿಂದ ತನಗೊಂದು ಕಾಗದ ಬರುತ್ತದೆ ಎಂದು ಕಾಯುತ್ತಾನೆ. ಕೊನೆಗೆ ರಾಜವೈದ್ಯ ಬಂದು ಕಿಟಕಿ ಬಾಗಿಲುಗಳನ್ನೆಲ್ಲ ತೆರೆಸುತ್ತಾನೆ. ಅಮಲ್ ಮಲಗುತ್ತಾನೆ. ಈ ನಾಟಕವೇ ಏಕೆ ಎಂದು ಕೇಳಿದವರಿಗೆ ಕೋರ್ಚಾಕ್, ಸಾವನ್ನು ಶಾಂತವಾಗಿ ಬರಮಾಡಿಕೊಳ್ಳುವುದನ್ನು ಮಕ್ಕಳು ಕಲಿಯಲಿ ಎಂದರಂತೆ. ಬಂಗಾಳದ ಹಳ್ಳಿಯ ಆ ಕಿಟಕಿ ವಾರ್ಸಾದ ಮಕ್ಕಳಿಗೆ ಪರಕೀಯ ಅನ್ನಿಸಿರಲಾರದು. ಅವರೂ ಹೊರಗೆ ಹೋಗುವಂತಿರಲಿಲ್ಲ.

ನಾಲ್ಕು ದಿನಕ್ಕೆ, ಜುಲೈ 22ರಂದು, ಘೆಟ್ಟೊದಿಂದ ಟ್ರೆಬ್ಲಿಂಕಾ ಹತ್ಯಾಶಿಬಿರಕ್ಕೆ ರೈಲುಗಳು ಹೊರಡತೊಡಗಿದವು. ಆಗಸ್ಟ್ ಮೊದಲ ವಾರ ಅನಾಥಾಲಯದ ಸರದಿ ಬಂತು. ತಪ್ಪಿಸಿಕೊಳ್ಳಲು ಬಂದ ಅವಕಾಶಗಳನ್ನು ಕೋರ್ಚಾಕ್ ಮುಂಚೆಯೇ ನಿರಾಕರಿಸಿದ್ದರು. ಸುಮಾರು ಇನ್ನೂರು ಮಕ್ಕಳೊಂದಿಗೆ ನಡೆದು ಹೋಗಿ ರೈಲು ಹತ್ತಿದರು.

ಸ್ಮರಣೆಯ ಸಭೆಗಳಲ್ಲಿ ಮಕ್ಕಳಿಗೆ ಹೆಚ್ಚಾಗಿ ಹೇಳುವ ಕಥೆ ಇದು. ಇಲ್ಲಿ ನನಗೊಂದು ತಕರಾರಿದೆ. ಕಥೆ ಬಾಯಿಂದ ಬಾಯಿಗೆ ಹೋಗುತ್ತ ಕೋರ್ಚಾಕ್ ಎತ್ತರವಾಗುತ್ತಾರೆ, ಮಕ್ಕಳು ಅವರ ಹಿಂದೆ ಒಂದು ಗುಂಪಾಗಿ ಮಸುಕಾಗುತ್ತಾರೆ. ಮಕ್ಕಳ ಜೊತೆಗೇ ಹೋದ ಸ್ತೆಫಾನಿಯಾ ವಿಲ್ಚಿನ್ಸ್ಕಾ, ಮೊದಲಿನಿಂದಲೂ ಆ ಅನಾಥಾಲಯದ ಬೆನ್ನೆಲುಬಾಗಿದ್ದ ಹೆಂಗಸು, ಎಷ್ಟೋ ಸಲ ಹೆಸರಿಗೂ ಬರುವುದಿಲ್ಲ. ನಾಟಕ ನಿರ್ದೇಶಿಸಿದ ಎಸ್ತೆರ್ಕಾ ವಿನೊಗ್ರಾನ್ ಕೂಡ ಇಲ್ಲ. ಟ್ರೆಬ್ಲಿಂಕಾದಲ್ಲಿ ನೆಟ್ಟ ಸಾವಿರಾರು ಕಲ್ಲುಗಳಲ್ಲಿ ಒಬ್ಬ ವ್ಯಕ್ತಿಯ ಹೆಸರಿರುವುದು ಒಂದರ ಮೇಲೆ ಮಾತ್ರ, ಕೋರ್ಚಾಕ್‌ದು. ಅದರ ಕೆಳಗೆ ‘ಮತ್ತು ಮಕ್ಕಳು’ ಎಂದಷ್ಟೇ ಕೆತ್ತಿದೆ. ಒಳ್ಳೆಯ ಮೇಷ್ಟ್ರ ತ್ಯಾಗದ ಕಥೆ ಕೇಳಿ ದೊಡ್ಡವರಾದ ನಮಗೆ ಎಲ್ಲೋ ಸಮಾಧಾನವಾಗುತ್ತದೆ. ಕೇಳುತ್ತ ಕೂತ ಮಗುವಿಗೆ ಮಾತ್ರ ಬೇರೆಯದೇ ಕುತೂಹಲ. ಅಮಲ್‌ನ ಪಾತ್ರ ಮಾಡಿದ್ದು ಯಾರು? ಅವನಿಗೆ ಮಾತುಗಳು ಬಾಯಿಪಾಠ ಬಂದಿದ್ದವೇ? ನಾಟಕ ಮುಗಿದ ಮೇಲೆ ತಿನ್ನಲು ಏನಾದರೂ ಕೊಟ್ಟರೇ? ಮಗುವಿನ ಪ್ರಶ್ನೆಗಳೇ ಸರಿಯಾದವು ಎಂದು ನನಗನ್ನಿಸುತ್ತದೆ.

ಬದುಕುಳಿದವರ ಬಾಯಿಂದಲೇ ಕೇಳುವ ಕಾಲ ಇನ್ನು ಹೆಚ್ಚಿಲ್ಲ. 1945ರಲ್ಲಿ ಹತ್ತು ವರ್ಷವಿದ್ದವರು 2025ಕ್ಕೆ ತೊಂಬತ್ತು ಮುಟ್ಟಿದರು. ವಿಶ್ವಸಂಸ್ಥೆ 2005ರಲ್ಲಿ ಆಶ್ವಿಟ್ಸ್ ಬಿಡುಗಡೆಯಾದ ಜನವರಿ 27ನ್ನು ಅಂತರರಾಷ್ಟ್ರೀಯ ಸ್ಮರಣೆಯ ದಿನವೆಂದು ಘೋಷಿಸಿತು. ಹಾಗಾಗಿ ಈ ನೆನಪು ಯಹೂದಿಗಳ ಮನೆಯೊಳಗಿನದಾಗಿಯಷ್ಟೇ ಉಳಿದಿಲ್ಲ, ಕಾಗದದ ಮೇಲಾದರೂ. ನಮ್ಮಲ್ಲಿ ಅದರ ಸ್ಥಿತಿ ಬೇರೆ. ಕನ್ನಡದ ಮಗು ಮೊದಲು ಕೇಳುವ ಹೆಸರು ಹಿಟ್ಲರನದು, ಅದೂ ತಮಾಷೆಯಾಗಿ. ಕಟ್ಟುನಿಟ್ಟಿನ ಮೇಷ್ಟ್ರು ಹಿಟ್ಲರ್, ಗದರುವ ಅಪ್ಪ ಹಿಟ್ಲರ್, ನಮ್ಮ ಧಾರಾವಾಹಿಯೊಂದರ ಶೀರ್ಷಿಕೆಯಲ್ಲೂ ಹಿಟ್ಲರ್. ಕೊಂದವನ ಹೆಸರು ಮನೆಮಾತಾಗಿದೆ. ಅವನಿಂದ ಸತ್ತ ಮಕ್ಕಳಲ್ಲಿ ಆ್ಯನ್ ಫ್ರಾಂಕ್ ಒಬ್ಬಳನ್ನು ಬಿಟ್ಟರೆ ಯಾರೂ ಗೊತ್ತಿಲ್ಲ.

ಇನ್ನೊಂದು ಹೆಸರನ್ನು ಪರಿಚಯಿಸಲು ದಾರಿ ನಮ್ಮ ತರಗತಿಗಳಲ್ಲೇ ಇದೆ. ಪ್ರಾಗ್ ನಗರದ ಪೇಟರ್ ಗಿಂಜ್ 1928ರ ಫೆಬ್ರವರಿ 1ರಂದು ಹುಟ್ಟಿದವನು. ಕಥೆ ಬರೆಯುತ್ತಿದ್ದ, ಚಿತ್ರ ಬಿಡಿಸುತ್ತಿದ್ದ. ತೆರೆಜಿನ್ ಘೆಟ್ಟೊದಲ್ಲಿ ಕೂಡಿಹಾಕಿದಾಗ ಹುಡುಗರನ್ನು ಸೇರಿಸಿ ‘ವೆದೆಮ್’ ಎಂಬ ಕೈಬರಹದ ವಾರಪತ್ರಿಕೆ ನಡೆಸಿದ. ಚಂದ್ರನ ಬೆಟ್ಟಗಳ ಮೇಲೆ ನಿಂತು ನೋಡಿದರೆ ಭೂಮಿ ಹೇಗೆ ಕಂಡೀತು ಎಂಬುದನ್ನು ಊಹಿಸಿ ಒಂದು ಚಿತ್ರ ಬರೆದ. 1944ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅವನನ್ನು ಆಶ್ವಿಟ್ಸ್‌ನಲ್ಲಿ ಕೊಂದರು. ಆ ಚಿತ್ರದ ಪ್ರತಿಯೊಂದನ್ನು 2003ರಲ್ಲಿ ಇಸ್ರೇಲಿನ ಗಗನಯಾತ್ರಿ ಇಲಾನ್ ರಾಮೊನ್ ಬಾಹ್ಯಾಕಾಶಕ್ಕೆ ಕೊಂಡೊಯ್ದರು. ರಾಮೊನ್‌ರ ತಾಯಿ ಆಶ್ವಿಟ್ಸ್‌ನಿಂದ ಬದುಕಿ ಬಂದವರು. ನೌಕೆಯ ಹೆಸರು ಕೊಲಂಬಿಯಾ. ಅದರಲ್ಲಿ ಕಲ್ಪನಾ ಚಾವ್ಲಾ ಇದ್ದರು. ಮರಳುವಾಗ ನೌಕೆ ಛಿದ್ರವಾದದ್ದು ಫೆಬ್ರವರಿ 1ರಂದು, ಪೇಟರ್ ಬದುಕಿದ್ದರೆ ಅವನಿಗೆ ಎಪ್ಪತ್ತೈದು ತುಂಬುತ್ತಿದ್ದ ದಿನ.

ಕಲ್ಪನಾ ಚಾವ್ಲಾರ ಬಗ್ಗೆ ನಮ್ಮ ಶಾಲೆಗಳಲ್ಲಿ ಹೇಳದವರಿಲ್ಲ. ಮೇಷ್ಟ್ರುಗಳೇ, ಟೀಚರಮ್ಮಗಳೇ, ಮುಂದಿನ ಸಲ ಆ ವಿಷಯ ತೆಗೆದಾಗ ಅದೇ ನೌಕೆಯಲ್ಲಿದ್ದ ಈ ಚಿತ್ರದ ಬಗ್ಗೆಯೂ ಎರಡು ಮಾತು ಹೇಳಿ. ಅದನ್ನು ಬರೆದ ಹುಡುಗ ಏನು ಓದುತ್ತಿದ್ದ, ಎಂಥ ಪತ್ರಿಕೆ ನಡೆಸುತ್ತಿದ್ದ ಎಂಬುದು ಮೊದಲು ಬರಲಿ. ಅವನಿಗೆ ಏನಾಯಿತೆಂಬುದನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ, ಆಗ ಸುಳ್ಳು ಹೇಳಬೇಡಿ. ಚಿತ್ರ ಸುಟ್ಟುಹೋಯಿತೇ ಎಂದೂ ಒಬ್ಬರಾದರೂ ಕೇಳಿಯಾರು. ಸುಟ್ಟದ್ದು ಪ್ರತಿ ಮಾತ್ರ, ಪೇಟರ್ ತನ್ನ ಕೈಯಾರೆ ಬರೆದದ್ದು ಯಾದ್ ವಾಶೇಮ್‌ನಲ್ಲಿ ಭದ್ರವಾಗಿದೆ.