ವರ್ಗಣಿ ಕೊಡದವನ ಮಜೂರಿ

ಮಹಾರಾಷ್ಟ್ರದ ನೇಯ್ಗೆಯ ಊರು ಇಚಲಕರಂಜಿಗೆ ಹೊಂದಿಕೊಂಡಿರುವ ಯಡ್ರಾವದಲ್ಲಿ, ಯಂತ್ರಮಗ್ಗ ದುರಸ್ತಿ ಮಾಡುವ ಹಿರಿಯ ಜಾಬರ್ ಒಬ್ಬನಿಗೂ ಶಾಲೆಯ ಮಾಸ್ತರರಿಗೂ ನಡೆದಂತೆ ಕಲ್ಪಿಸಿದ ಸಂವಾದವಿದು.

ಮಾಸ್ತರ: ಅಮೆರಿಕದ 1947ರ ಟ್ಯಾಫ್ಟ್-ಹಾರ್ಟ್‌ಲಿ ಕಾಯ್ದೆಯು, ಯೂನಿಯನ್ನಿಗೆ ವರ್ಗಣಿ, ಅಂದರೆ ಚಂದಾ ಹಣ, ಕಟ್ಟದವನನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯಬಾರದೆಂಬ ಕಾನೂನು ಮಾಡಲು ಅಲ್ಲಿನ ರಾಜ್ಯಗಳಿಗೆ ಅವಕಾಶ ಕೊಟ್ಟಿತು. ‘ಕೆಲಸದ ಹಕ್ಕು’ ಎಂದು ಕರೆಯುವ ಅಂಥ ಕಾನೂನನ್ನು ಮಿಶಿಗನ್ 2012ರಲ್ಲಿ ತಂದು 2023ರಲ್ಲಿ ರದ್ದುಮಾಡಿತು. ಇಲ್ಲಿ ಅದಿಲ್ಲದೆಯೂ ಯಾರಿಗೂ ಒತ್ತಾಯವಿಲ್ಲವಲ್ಲ, ಕಾಕಾ?

ಜಾಬರ್: ಇಲ್ಲ, ಮಾಸ್ತರ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕು ಕೊಟ್ಟಿದೆ, ಸೇರಲೇಬೇಕೆಂದಿಲ್ಲ. ಆದರೆ ಪಿಕ್ಕಿನ ದರ, ಅಂದರೆ ಒಂದು ಇಂಚು ಬಟ್ಟೆಯಲ್ಲಿ ಹೊಕ್ಕಿನ ಎಳೆ ಎಷ್ಟೆಂದು ನೋಡಿ ಮೀಟರಿಗೆ ಇಷ್ಟೆಂದು ಕಟ್ಟುವ ಮಜೂರಿ, ಏರಿದಾಗ ಮುಷ್ಕರದಲ್ಲಿ ವಾರದ ಮಜೂರಿ ಕಳೆದುಕೊಂಡವನಿಗೂ ಮನೆಯಲ್ಲಿ ಕೂತವನಿಗೂ ಏರಿಕೆ ಒಂದೇ. ರಾಜಿ ಅಧಿಕಾರಿಯ ಮುಂದಾದ ಒಪ್ಪಂದ ವಿವಾದವೆದ್ದ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತದೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 18(3)ನೆಯ ಕಲಮೇ ಹೇಳಿತ್ತು.

ಮಾಸ್ತರ: ಹಾಗೆಂದು ಒಪ್ಪದವನ ಜೇಬಿಗೆ ಕೈಹಾಕಬಹುದೆ?

ಜಾಬರ್: ಆ ಪ್ರಶ್ನೆ ಏಳಬೇಕಾದರೆ ಯೂನಿಯನ್ನಿನ ಎದುರು ಕೂರುವ ಒಬ್ಬ ಮಾಲೀಕನಾದರೂ ಇರಬೇಕು. ಯೂನಿಯನ್ನಿಗೆ ಮಾನ್ಯತೆ ಕೊಡುವ 1971ರ ಮಹಾರಾಷ್ಟ್ರ ಕಾಯ್ದೆ ಶೇ. 30ರ ಸದಸ್ಯತ್ವ ಕೇಳಿತು. 50 ಜನರಿಗಿಂತ ಕಡಿಮೆ ಇರುವ ಕಡೆ ಅದರಲ್ಲಿ ಆ ಅವಕಾಶವೇ ಇರಲಿಲ್ಲ. ಇಲ್ಲಿ ಒಂದು ಶೆಡ್ಡಿಗೆ ನಾಲ್ಕಾರು ಜನ; ಎಷ್ಟೋ ಕಡೆ ಮಾಲೀಕನೂ ವ್ಯಾಪಾರಿಯ ನೂಲು ತಂದು ಕೂಲಿಗೆ ನೇಯ್ದುಕೊಡುವವನೇ. ಹೀಗಾಗಿ ದರದ ಮಾತುಕತೆ ಇಡೀ ಊರಿನದಾಗುತ್ತದೆ, ಖರ್ಚು ಮಾತ್ರ ವರ್ಗಣಿ ಕೊಟ್ಟ ಕೆಲವರದು.

ಮಾಸ್ತರರ ಮುಂದಿನ ಆಕ್ಷೇಪಕ್ಕೆ ಜಾಬರನ ಬಳಿ ಪೂರ್ಣ ಉತ್ತರವಿರಲಿಲ್ಲ.

ಮಾಸ್ತರ: ಕಾನೂನೇ ಒಂದು ಯೂನಿಯನ್ನಿಗೆ ಗಟ್ಟಿ ಕುರ್ಚಿ ಕೊಟ್ಟರೆ ಏನಾಗುತ್ತದೆಂದು 1982ರ ಮುಂಬಯಿ ಬಟ್ಟೆ ಮಿಲ್ಲುಗಳ ಮುಷ್ಕರ ತೋರಿಸಿತು. 1946ರ ಬಾಂಬೆ ಕೈಗಾರಿಕಾ ಸಂಬಂಧ ಕಾಯ್ದೆಯಂತೆ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘವೊಂದೇ ಅಧಿಕೃತ ಪ್ರತಿನಿಧಿಯಾಗಿತ್ತು. ಕಾರ್ಮಿಕರು ಲಕ್ಷಗಟ್ಟಲೆ ಮುಷ್ಕರದ ನಾಯಕ ದತ್ತಾ ಸಾಮಂತರ ಹಿಂದೆ ಹೋದರೂ ಆ ಕುರ್ಚಿ ಅಲುಗಲಿಲ್ಲ. ಮಿಲ್ಲುಗಳು ಮುಚ್ಚಿದವು, ನೇಯ್ಗೆ ಭಿವಂಡಿ, ಇಚಲಕರಂಜಿಗಳ ಪಾಲಾಯಿತು.

ಜಾಬರ್: ಅದು ದಿಟ. ಆದರೆ ಹೊರೆ ಹೊರುವವರಿಗಾಗಿ ಮಹಾರಾಷ್ಟ್ರ ತಂದ 1969ರ ಮಾಥಾಡಿ ಕಾಯ್ದೆ ಇನ್ನೊಂದು ದಾರಿ ಹಿಡಿಯಿತು: ಹಮಾಲರ ಮಜೂರಿಯ ಮೇಲೊಂದಿಷ್ಟು ಲೆವಿಯನ್ನು ಕೆಲಸ ಮಾಡಿಸಿಕೊಂಡವನೇ ಅದಕ್ಕೆಂದು ರಚಿಸಿದ ಮಂಡಳಿಗೆ ಕಟ್ಟಬೇಕು, ಪಿಎಫ್, ರಜೆ, ಬೋನಸ್ಸು ಅದರಿಂದಲೇ ಸಲ್ಲಬೇಕು.

ಮಾಸ್ತರ: ಮಂಡಳಿ ಪಿಎಫ್ ಕಟ್ಟೀತು, ದರಕ್ಕಾಗಿ ಜಗಳವಾಡೀತೆ?

ಜಾಬರ್: ಆಡದು. ಅದಕ್ಕೆ ಯೂನಿಯನ್ನೇ ಬೇಕು, ಅದರ ವರ್ಗಣಿ ಮನಸ್ಸಿದ್ದವನಿಂದಲೇ ಬರಬೇಕು. ಆದರೆ ಪಿಎಫ್, ಬೋನಸ್ಸಿನ ಹೊರೆ ನೂಲು ಕೊಡುವ ವ್ಯಾಪಾರಿಯ ಮೇಲೆ ಬಿದ್ದರೆ ಯೂನಿಯನ್ನಿಗೆ ಉಳಿಯುವುದು ದರದ ಜಗಳವೊಂದೇ. ಆಗ ಸೇರದವನನ್ನು ಹಿಡಿದೆಳೆಯುವ ಅಗತ್ಯವೂ ಅಷ್ಟಾಗಿ ಇರಲಿಕ್ಕಿಲ್ಲ.